ವಾರ್ಡಿನ ಒಬ್ಬನೇ ಕಾರ್ಯಕರ್ತ

ಮುಂಬಯಿಯ ವಡಾಲ ಸ್ಟೇಷನ್ ಹತ್ತಿರದ ಬ್ಯಾನರ್ ಅಂಗಡಿಯಲ್ಲಿ ಕಂಪ್ಯೂಟರ್ ಮುಂದೆ ಕೂತು ಜನರ ಮುಖ ಬೆಳ್ಳಗೆ ಮಾಡುವುದು ದಾನಪ್ಪನ ಕೆಲಸ. ಅಪ್ಪ ವಿಜಯಪುರದ ಕಡೆಯಿಂದ ಬಂದವನು. ದಾನಪ್ಪ ಹುಟ್ಟಿ ಬೆಳೆದದ್ದು ಇಲ್ಲಿಯ ಚಾಳಿನಲ್ಲೇ. ಪಕ್ಕದ ಖೋಲಿಯ ಶೇಖರ ‘ನವ ಉತ್ಸಾಹ ಪಕ್ಷ’ದ ಯುವ ಶಾಖೆ ತೆರೆದಾಗ ಇವನನ್ನೂ ಎಳೆದುಕೊಂಡ. ಆಗ ಶಾಖೆಯಲ್ಲಿದ್ದವರು ಐದೇ ಮಂದಿ, ಬ್ಯಾನರು ಬಾಗಿಲಿನಷ್ಟು.

ಆದರೆ ಪದವಿ ಸಿಗದವನು ಮರುದಿನವೇ ಬೇರೆ ಪಕ್ಷ ಸೇರುತ್ತಿದ್ದ. ಶೇಖರ ಬುದ್ಧಿವಂತ. ಬಂದವರಿಗೆಲ್ಲ ಚಹಾದ ಜತೆ ಪದವಿಯನ್ನೂ ಕೊಡತೊಡಗಿದ. ಒಂಬತ್ತು ಉಪಾಧ್ಯಕ್ಷರಾದರು. ಹಾರ್ಬರ್ ಲೈನಿನ ಲೋಕಲ್ ರೈಲು ಹೋಗುವ ಕಡೆಗೊಬ್ಬ, ಬರುವ ಕಡೆಗೊಬ್ಬ ಪ್ರಮುಖನಾದ. ಎಲ್ಲರ ಮುಖವೂ ಹಿಡಿಯಬೇಕಲ್ಲ, ಬ್ಯಾನರು ಬೆಳೆಯುತ್ತ ಹೋಗಿ ಎರಡನೇ ಮಾಳಿಗೆಯ ಗುರುಪಾದನ ಕಿಟಕಿಯನ್ನೇ ಮುಚ್ಚಿತು. ಹಗಲಿಗೂ ಲೈಟ್ ಹಾಕಬೇಕಾದ ಗುರುಪಾದ ಜಗಳಕ್ಕೆ ಇಳಿದು ಬಂದ. ‘ಗಾಳಿ-ಬೆಳಕು ಸಮಿತಿ ಪ್ರಮುಖ’ನಾಗಿ ಮೇಲೆ ಹೋದ.

ಪದವಿ ಬೇಡವೆಂದವನು ದಾನಪ್ಪ ಒಬ್ಬನೇ.

“ಯಾಕೋ ಮಾರಾಯಾ?” ಎಂದ ಶೇಖರ.

“ದಿನಾ ಬ್ಯಾರೇದವರ ಗಲ್ಲ ತಿಕ್ಕಿ ತಿಕ್ಕಿ ಸಾಕಾಗೇತಿ. ನನ್ನ ಗಲ್ಲಾನೂ ನಾನ ತಿಕ್ಕಲೇನು? ನಾಚಿಕಿ ಬರ್ತೈತಿ.”

ಹೀಗಿರುವಾಗ ಅಂಧೇರಿಯಿಂದ ನಗರ ಪ್ರಮುಖ ಬಸವಂತರಾಯರು ಶಾಖೆ ನೋಡಲು ಬಂದರು. ಬಾಡಿಗೆ ಹಾಲಿನ ವೇದಿಕೆ ಮೇಲೆ ನಲವತ್ಮೂರು ಪದಾಧಿಕಾರಿಗಳು ತೊಡೆಗೆ ತೊಡೆ ತಾಗಿಸಿ ಕೂತಿದ್ದರು. ಸಾಹೇಬರು ಕೆಳಗೆ ನೋಡಿದರು.

“ಕಾರ್ಯಕರ್ತರು ಎಲ್ಲದಾರ?”

ಇನ್ನೂರು ಖಾಲಿ ಕುರ್ಚಿಗಳ ನಡುವೆ ಒಂದು ಕೈ ಎದ್ದಿತು. “ನಾನ್ರೀ.”

ಸಾಹೇಬರು ಕಿಸೆಯಿಂದ ಕಾಗದ ತೆಗೆದು ಬಿಡಿಸಿ, “ಅಪಾರ ಸಂಖ್ಯೆಯಲ್ಲಿ ನೆರೆದಿರುವ ಬಂಧುಗಳೇ” ಎಂದು ಶುರು ಮಾಡಿಯೇಬಿಟ್ಟರು. ಬರೆದುಕೊಂಡು ಬಂದ ಭಾಷಣ, ಬಿಡಲಾದೀತೆ? ಪ್ರತಿ ಮಾತಿಗೂ ದಾನಪ್ಪ ಚಪ್ಪಾಳೆ ಹೊಡೆದ. ಹನ್ನೊಂದನೇ ಭಾಷಣದ ಹೊತ್ತಿಗೆ ಅಂಗೈ ಉರಿಯತೊಡಗಿತು. ಮೂತ್ರಕ್ಕೆಂದು ಎದ್ದ ಕೂಡಲೇ ವೇದಿಕೆ ಮೇಲೆ ಗಾಬರಿ.

“ಎಲ್ಲಿ ಹೊಂಟಿ? ಸಭಾ ಖಾಲಿ ಆಗ್ತೈತಲೋ!” ಎಂದು ಶೇಖರ ಮೈಕಿನಲ್ಲೇ ಕೂಗಿದ.

ದಾನಪ್ಪ ಕಿರುಬೆರಳು ತೋರಿಸಿದ. ಅವನು ಬರುವವರೆಗೆ ಭಾಷಣ ನಿಂತಿತು.

ಕೊನೆಗೆ ಸಾಹೇಬರು ಭಾವುಕರಾಗಿ, ಇಂಥ ನಿಷ್ಠಾವಂತನನ್ನು ಇವತ್ತೇ ಪ್ರಧಾನ ಕಾರ್ಯದರ್ಶಿ ಮಾಡುವುದಾಗಿ ಸಾರಿದರು. ವೇದಿಕೆಯಿಡೀ ಎದ್ದು ನಿಂತಿತು.

“ಇಂವಾನೂ ಮ್ಯಾಲೆ ಬಂದ್ರ ನಾವು ಯಾರಿಗಿ ನಾಯಕರ್ರೀ?” ಎಂದು ಗುರುಪಾದ ಅಳುವ ದನಿಯಲ್ಲಿ ಕೇಳಿದ.

“ನನಗ ಬ್ಯಾಡ್ರಿ ಸಾಹೇಬ್ರ,” ಎಂದ ದಾನಪ್ಪ. ನಲವತ್ಮೂರು ಮಂದಿ ಒಟ್ಟಿಗೆ ಉಸಿರು ಬಿಟ್ಟರು.

ಸುದ್ದಿ ಹಬ್ಬಿತು. ಮುಂದಿನ ವಾರ ಅಂಧೇರಿ ಶಾಖೆಯವರು ದಾನಪ್ಪನನ್ನು ಒಂದು ದಿನದ ಮಟ್ಟಿಗೆ ಕಡ ಕೇಳಿದರು. ಹೋಗಿ ನೋಡಿದರೆ ಕೆಳಗೆ ಆಗಲೇ ಒಬ್ಬಳು ಕೂತಿದ್ದಾಳೆ. ಅಲ್ಲಿಯ ಏಕೈಕ ಕಾರ್ಯಕರ್ತೆ ಸೋನಾಲಿ, ಉಪಾಧ್ಯಕ್ಷ ಸಿದ್ದಲಿಂಗಪ್ಪನ ಮಗಳು. ದಾನಪ್ಪ ಪಕ್ಕದಲ್ಲಿ ಕೂತು ಚಪ್ಪಾಳೆ ಶುರು ಮಾಡಿದ.

“ಅರೆ, ಹಾಗೆ ಅಲ್ಲ, ಹಾತ್ ದುಖೇಗಾ, ಕೈ ನೋಯ್ತದೆ,” ಎಂದು ಅವಳು ಕಿಸಕ್ಕನೆ ನಕ್ಕಳು. “ಒಂದೇ ಕೈಲಿಂದ ತೊಡಿ ಮೇಲೆ ಹೊಡಿ. ಆವಾಜ್ ಸೇಮ್ ಬರ್ತದೆ.”

ದಾನಪ್ಪ ಹೊಡೆದು ನೋಡಿದ. ಸೇಮ್ ಬಂತು. ಅವಳ ಮೇಲೆ ಅವನಿಗೆ ಅಪಾರ ಗೌರವ ಹುಟ್ಟಿತು. ಹೀಗೆ ವಾರವಾರವೂ ಕಡ ಹೋಗುತ್ತ ನಾಲ್ಕು ಸಭೆ ಮುಗಿಯುವಷ್ಟರಲ್ಲಿ ಇಬ್ಬರೂ ಭಾಷಣ ಕೇಳುವುದನ್ನೇ ಬಿಟ್ಟಿದ್ದರು. ಐದನೆಯದರಲ್ಲಿ ಮದುವೆಯ ಮಾತು ಬಂತು.

ಮಾತುಕತೆಯ ದಿನ ಸೀರೆ, ಊಟ, ಎಲ್ಲವೂ ಸುಸೂತ್ರವಾಗಿ ನಡೆಯಿತು. ಕೊನೆಗೆ ಸಿದ್ದಲಿಂಗಪ್ಪ ಕೆಮ್ಮಿದ.

“ನೋಡ್ರಿ, ನಾವು ಹುಡುಗೀನ್ನ ಕೊಟ್ಟೀವಿ. ಕಾರ್ಯಕರ್ತೀನ್ನ ಕೊಟ್ಟಿಲ್ಲ.”

“ಸೊಸಿ ಬಂದ ಮ್ಯಾಲೆ ವಡಾಲದಾಕಿನ!” ಎಂದು ಹುಡುಗನ ಕಡೆಯಿಂದ ಬಂದಿದ್ದ ಶೇಖರ ಎದ್ದ.

ಎರಡು ಶಾಖೆಗಳೂ ಸಂಜೆಯವರೆಗೆ ಕಿತ್ತಾಡಿದವು. ಶನಿವಾರ ಇಬ್ಬರೂ ವಡಾಲಕ್ಕೆ, ಭಾನುವಾರ ಅಂಧೇರಿಗೆ ಎಂದು ಕಾಗದದ ಮೇಲೆ ಸಹಿಯಾಯಿತು. ಹುಡುಗ ಹುಡುಗಿಯನ್ನು ಯಾರೂ ಕೇಳಲಿಲ್ಲ.

ಮದುವೆಯಾದ ಮೊದಲ ಭಾನುವಾರ ಅವರಿಬ್ಬರೂ ಫೋನ್ ಆಫ್ ಮಾಡಿ ಬಾಂದ್ರಾದ ಸಮುದ್ರದ ದಂಡೆಗೆ ಸುಟ್ಟ ಮೆಕ್ಕೆಜೋಳದ ಭುಟ್ಟಾ ತಿನ್ನಲು ಹೋದರು.