ಎಣ್ಣೆ ಬಿಟ್ಟ ಹೊಳ್ಳೆ, ಬಿಡದ ಹೊಳ್ಳೆ

ನೀವು ನಂಬುವುದಿಲ್ಲ, ಆದರೂ ಹೇಳುತ್ತೇನೆ: ನಮ್ಮ ಪಾವಗಡದಲ್ಲಿ ಆಯುರ್ವೇದದ ಸತ್ಯಾಸತ್ಯದ ವಿಚಾರಣೆ ನಡೆದದ್ದು ನನ್ನ ಮೂಗಿನಲ್ಲಿ.

ಕಳೆದ ಚಳಿಗಾಲದಲ್ಲಿ ನನಗೆ ಪೀನಸ ಹಿಡಿಯಿತು. ಮೂಗು ಕಟ್ಟಿ, ಹುಬ್ಬಿನ ಹಿಂದೆ ಯಾರೋ ರಾಗಿಮೂಟೆ ಇಳಿಸಿಹೋದಷ್ಟು ಭಾರ. ವಾಸನೆ ಅನ್ನುವುದೇ ತಿಳಿಯದು. ಇಂಗಿನ ಡಬ್ಬಿಯೊಳಗೆ ತಲೆಯಿಟ್ಟು ನಿದ್ದೆ ಮಾಡಬಹುದಿತ್ತು. ನಮ್ಮ ಅಜ್ಜಿ, ಅಮ್ಮನ ತಾಯಿ, ಮಧುಗಿರಿಯ ಪಂಡಿತರಿಂದ ಮೂಗಿಗೆ ಬಿಡುವ ನಸ್ಯದ ಎಣ್ಣೆ ತರಿಸಿದಳು. ಜೊತೆಗೆ ಪಥ್ಯ: ವಾಸನೆ ಮರಳುವವರೆಗೆ ತಣ್ಣೀರು ಮುಟ್ಟಬಾರದು. ಅಂದರೆ ಬಾವಿಯಿಂದ ನೀರು ಸೇದಬಾರದು! ನಮ್ಮ ಬಾವಿಯನ್ನು ನೀವು ನೋಡಿಲ್ಲ. ಇಳಿಬಿಟ್ಟ ಕೊಡ ಮೇಲೆ ಬರುವಷ್ಟರಲ್ಲಿ ಸೇದುವವನಿಗೆ ಮೀಸೆ ಬಂದಿರುತ್ತದೆ. ಇಂಥ ರೋಗವನ್ನು ಯಾವ ಬುದ್ಧಿವಂತ ಕೈಬಿಡುತ್ತಾನೆ?

ಅಷ್ಟರಲ್ಲಿ ಶಿರಾದಿಂದ ಸೋದರಮಾವ ಬಂದ. ಇಂಗ್ಲಿಷ್ ಓದಿದವನು, ತಕರಾರು ತೆಗೆದ.

"ಎಣ್ಣೆಯಿಂದ ವಾಸಿಯಾಯ್ತದೆ ಅನ್ನಾಕೆ ಪುರಾವೆ ಏನೈತವ್ವ?"

"ನಿನ್ನ ಮೂಗಿಗೂ ಇದನ್ನೇ ಬುಟ್ಟಿದ್ದೆ ಕಣ್ಲಾ. ಈಗ ನೋಡು, ಊರೋರ ಮನೇಲೆಲ್ಲಾ ತೂರಿಸ್ತೀಯ!"

ಮೂಗಿಗೆ ಎರಡು ಹೊಳ್ಳೆ ಇರುವುದೇ ಇಂಥ ವ್ಯಾಜ್ಯಕ್ಕಿರಬೇಕು; ಒಂದು ವಾದಿ, ಇನ್ನೊಂದು ಪ್ರತಿವಾದಿ. ದಾರಿ ತೋರಿಸಿದವನು ನಾನೇ. ಬಲಹೊಳ್ಳೆಗೆ ಮಾತ್ರ ಎಣ್ಣೆ, ಎಡಕ್ಕೆ ಏನೂ ಇಲ್ಲ. ಯಾವುದರ ಉಸಿರಿಗೆ ಹತ್ತಿಯ ಎಳೆ ಅಲ್ಲಾಡುತ್ತದೋ ನೋಡುವುದು.

ಬೆಳಿಗ್ಗೆ ಬಲಗಡೆ ಹತ್ತಿ ಕೋಟೆಯ ಮೇಲಿನ ಬಾವುಟದಂತೆ ಹಾರಿತು. ಅಜ್ಜಿ ಗೆದ್ದಳು, ನನಗೆ ಕೊಬ್ಬರಿ ಬೆಲ್ಲ. ಮಧ್ಯಾಹ್ನ ಬಲ ಮುಚ್ಚಿಕೊಂಡು, ಎಣ್ಣೆಯ ಮುಖ ಕಾಣದ ಎಡ ತೆರೆಯಿತು. ಮಾವ ಗೆದ್ದ, ನನಗೆ ಹುರಿದ ಕಡಲೆಕಾಯಿ.

"ಎಣ್ಣೆ ಒಳಗಿಂದೊಳಗೇ ಆ ಕಡೀಕೆ ಹೋಗೈತೆ," ಎಂದಳು ಅಜ್ಜಿ.

ಸಂಜೆಗೆ ಮತ್ತೆ ಬಲ ತೆರೆಯಿತು. "ಅದು ತಾನಾಗೇ ತೆರ್ಕಂಡಿರೋದು," ಎಂದ ಮಾವ.

ಹೊಳ್ಳೆಗಳು ಸರದಿಯ ಮೇಲೆ ಕೆಲಸ ಮಾಡುತ್ತವೆಂದು ನನಗೆ ತಿಳಿದದ್ದು ಆಗಲೇ. ನಾನು ಬಾಯಿ ಬಿಡಲಿಲ್ಲ. ಬಾಯಲ್ಲಿ ಕಡಲೆಕಾಯಿ ಇತ್ತು. ಪುರಾವೆ ಅಂದರೆ ಹೀಗೇ ಸ್ವಾಮಿ, ಹುಡುಕುವವರಿಗೆಲ್ಲ ಅವರವರಿಗೆ ಬೇಕಾದದ್ದು ಸಿಗುತ್ತದೆ, ಸಾಕ್ಷಿಗೆ ತಿಂಡಿ ಸಿಗುತ್ತದೆ.

ತಲೆಭಾರ ಇಳಿದು, ವಾಸನೆ ಮರಳಿದ ಮೇಲೂ "ಏನೂ ಗೊತ್ತಾಗಾಕಿಲ್ಲ ಅಜ್ಜಿ" ಎಂದು ನರಳುತ್ತ ಹತ್ತಿಗೆ ಮೂಗೊಡ್ಡಿ ಕೂತಿದ್ದೆ. ಅಡುಗೆಮನೆಯಿಂದ ಘಾಟು ಬಂತು.

"ಅಮ್ಮಾ, ಬೆಳ್ಳುಳ್ಳಿ ಸೀದೋಯ್ತು!"

ಅಮ್ಮ ಹೊರಗೆ ಬಂದಳು. ಒಂದು ಕೈಯ ಸೌಟಿನಲ್ಲಿ ಬೇಕೆಂದೇ ಕರಕಾಗಿಸಿದ ಒಂದೇ ಒಂದು ಎಸಳು. ಇನ್ನೊಂದು ಕೈಯಲ್ಲಿ ಬಾವಿಹಗ್ಗ.

"ಯಾವ ಹೊಳ್ಳೇಲಿ ಗೊತ್ತಾಯ್ತು ಅಂತ ನೀರು ಸೇದ್ಕಂಡೇ ಯೋಚ್ನೆ ಮಾಡು. ನಡೀಲಾ."