ಫ್ಲೋಟು ಒರೆಸುವ ಕೈ

ನಮ್ಮ ಮನೆಯವರಿಗೆ ಮಕ್ಕಳು ಮೂರು: ಒಂದು ನಾನು ಹೆತ್ತದ್ದು, ಉಳಿದೆರಡು ನೀರಿನ ಮೇಲೆ ಇಳಿಯುವ ವಿಮಾನದ ಕಾಲಿಗಿರುವ, ದೋಣಿಯಂಥ ಅಲ್ಯೂಮಿನಿಯಂ ಫ್ಲೋಟುಗಳು. ಆ ಎರಡಕ್ಕೆ ದಿನಾ ಉಪ್ಪು ಹೋಗುವಂತೆ ಸ್ನಾನ, ಗೀರು ಕಂಡಲ್ಲಿ ಪ್ರೈಮರು, ಮೇಲೆ ಬಣ್ಣ. ನನ್ನ ಮಗನನ್ನು ಮೀಯಿಸಿ ಎಂದರೆ ಮಾತ್ರ ಇವರಿಗೆ ಸೊಂಟನೋವು. ಫ್ಲೋಟು ತಟ್ಟಿ ತಟ್ಟಿ ಒಳಗೆ ನೀರಿದೆಯೇ ಎಂದು ಆಲಿಸುವ ಚಟ ಮನೆಗೂ ಬಂದಿದೆ. ಕುಂಬಳಕಾಯಿ, ಕೊಡ, ಹಾಲು ಕುಡಿದ ಮಗನ ಹೊಟ್ಟೆ, ಯಾವುದನ್ನೂ ಬಿಡುವುದಿಲ್ಲ. ವಿಮಾನ ಹಾರಿಸುವವಳು ಅವರ ಸ್ವಂತ ತಂಗಿ. “ಅಣ್ಣಾ, ಒಂದು ಲೋಟ ನೀರಿಗೆ ಯಾರೂ ಮುಳುಗಲ್ಲ ಕಣೋ” ಎಂದು ಇವತ್ತೂ ಅವಸರ ಮಾಡಿದಳು. “ನಿನಗೇನು, ಕೂತ್ಕೊಂಡು ಹೋಗ್ತೀಯ. ಆ ಲೋಟ ಹೇಗೆ ಒಳಗೆ ಬಂತು ಅಂತ ಹುಡುಕೋನು ನಾನು ತಾನೆ” ಎಂದು ಗೊಣಗಿ, ಪಂಪಿನಿಂದ ಕೊನೆಯ ಹನಿಯನ್ನೂ ಎಳೆದು, ತಗಡಿನಲ್ಲಿ ಸಡಿಲವಾಗಿದ್ದ ರಿವೆಟ್ಟು ಮೊಳೆ ಬಿಗಿಮಾಡಿದ ಮೇಲೆಯೇ ಬಿಟ್ಟುಕೊಟ್ಟರು. ಅವಳು ಹಾರಿಹೋದ ಮೇಲೆ ಒರೆಸಲು ಫ್ಲೋಟಿಲ್ಲವಲ್ಲ. ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು, ನಾನು ಒಗೆದಿಟ್ಟ ಬಟ್ಟೆಯಿಂದ ಅವನ ಬೋಳುತಲೆ ಒರೆಸತೊಡಗಿದರು. ತಲೆ ಮಿರಮಿರ ಮಿಂಚಿತು. “ಸಾಕು ಬಿಡ್ರೀ, ಬಣ್ಣ ಹೋದೀತು” ಎಂದೆ. ಕೇಳಿಸಲಿಲ್ಲ. ಮೋಡದ ಆಚೆಯಿಂದ ವಿಮಾನದ ಸದ್ದು ಮರಳಿ ಬಂದಾಗಲೇ ಆ ಕೈ ನಿಂತದ್ದು.