ಬಾಗಿಲ ಹಿಂದಿನ ಗೋಡೆ

ಹೋಟೆಲು ಮುಚ್ಚಿ ಆರು ವರ್ಷವಾಗಿತ್ತು. ಸೋಮವಾರ ಅದನ್ನು ಕೆಡವಲು ಯಂತ್ರ ಬರುತ್ತದೆಂದು ಬೆಂಕಿಪೊಟ್ಟಣಕ್ಕೆ ಗೊತ್ತಾದದ್ದು ಗುರುವಾರ. ಶನಿವಾರ ಬೆಳಗ್ಗೆ ಹತ್ತು ಗಂಟೆಗೆಲ್ಲ ಹಿಂದಿನ ಗೇಟಿನ ಮುಂದೆ ಹಾಜರಾದ. ಕೈಯಲ್ಲೊಂದು ಚೀಲ. ಅದರೊಳಗೆ ಬಣ್ಣ ಕೆರೆಯುವ ಪಟ್ಟಿಗಳು ಎರಡು, ಒಂದು ಅಗಲದ್ದು ಒಂದು ಕಿರಿದು. ಬಣ್ಣ ಬಿಡಿಸುವ ದ್ರಾವಣದ ಡಬ್ಬಿ, ಹಳೆ ಬನಿಯನ್ನಿನ ಚಿಂದಿ, ಒಂದು ಟಾರ್ಚು.

ಬೆಂಕಿಪೊಟ್ಟಣ ಅನ್ನುವುದು ಹೋಟೆಲಿನವರು ಇಟ್ಟ ಹೆಸರು. ಇಪ್ಪತ್ತೆರಡು ವರ್ಷ ಆ ಕಟ್ಟಡಕ್ಕೆ ಬಣ್ಣ ಬಳಿದವನು ಅವನು. ಆರು ಅಂತಸ್ತು, ನೂರ ಹದಿನಾಲ್ಕು ಕೋಣೆ. ಮೇಲಿನದನ್ನು ಮುಗಿಸಿ ಏಣಿ ಇಳಿಸುವಷ್ಟರಲ್ಲಿ ಕೆಳಗಿನದು ಮತ್ತೆ ಕೊಳೆಯಾಗಿರುತ್ತಿತ್ತು, ಹಾಗಾಗಿ ಕೆಲಸ ಮುಗಿಯಿತು ಅನ್ನುವ ಮಾತೇ ಇರಲಿಲ್ಲ. ಕೈ ಎಷ್ಟು ನಯವೋ ನಾಲಿಗೆ ಅಷ್ಟೇ ಒರಟು. ಹಸಿ ಗೋಡೆಗೆ ಯಾರಾದರೂ ಒರಗಿದರೆ ಅವರ ಏಳು ತಲೆಮಾರನ್ನು ಜಾಲಾಡಿಬಿಡುತ್ತಿದ್ದ. ಮ್ಯಾನೇಜರನನ್ನೂ ಬಿಟ್ಟವನಲ್ಲ. ಕೆಲಸ ಉಳಿದದ್ದು ಕೈಯ ದೆಸೆಯಿಂದ, ಸಂಸಾರ ಉಳಿದದ್ದು ಹೆಂಡತಿಯ ದೆಸೆಯಿಂದ.

ಹೆಂಡತಿಗೂ ಅಲ್ಲೇ ಕೆಲಸ, ಮೂರನೇ ಅಂತಸ್ತಿನ ಬಟ್ಟೆ ಕೋಣೆಯಲ್ಲಿ. ಒಗೆದು ಬಂದ ಹಾಸು, ದಿಂಬಿನ ಚೀಲ, ಟವೆಲುಗಳನ್ನು ಅಂಚಿಗೆ ಅಂಚು ಕೂಡಿಸಿ ಮಡಿಸಿ, ಗೂಡುಗಳಲ್ಲಿ ಪೇರಿಸಿಡುವವಳು. ಅಕ್ಷರ ಬರುತ್ತಿರಲಿಲ್ಲ. ಎಲ್ಲಿ ಸಹಿ ಕೇಳಿದರೂ ಹೆಬ್ಬೆಟ್ಟು ಮುಂದೆ ಮಾಡುತ್ತಿದ್ದಳು. ಇವನು ಓದಿದ್ದು ನಾಲ್ಕನೇ ಕ್ಲಾಸು. ಅಷ್ಟಕ್ಕೇ ಮಹಾ ಪಂಡಿತನ ಹಾಗೆ ನಾಲ್ಕು ಜನರ ಎದುರು ಅವಳನ್ನು "ನಮ್ಮನೆ ಹೆಬ್ಬೆಟ್ಟು" ಎಂದು ಕರೆದು ನಗುತ್ತಿದ್ದ. ಅವಳೂ ನಗುತ್ತಿದ್ದಳು. ಎರಡು ವರ್ಷದ ಹಿಂದೆ ನಾಲ್ಕು ದಿನದ ಜ್ವರಕ್ಕೆ ಹೊರಟೇಹೋದಳು. ಮಕ್ಕಳಿರಲಿಲ್ಲ. ಬೈಸಿಕೊಳ್ಳುವವರು ಯಾರೂ ಇಲ್ಲದ ಮನೆಯಲ್ಲಿ ಅವನ ಬಾಯಿಗೆ ಮೊದಲ ಸಲ ಕೆಲಸವಿಲ್ಲದಂತಾಯಿತು.

ಗುರುವಾರ ಬಸ್ ನಿಲ್ದಾಣದಲ್ಲಿ ಸಿಕ್ಕಿದ್ದು ಟೆಲಿಫೋನಕ್ಕ. ಹೋಟೆಲಿಗೆ ಬರುವ ಕರೆಗಳನ್ನೆಲ್ಲ ಕೋಣೆ ಕೋಣೆಗೆ ಕೊಡುತ್ತಿದ್ದವಳು, ಹೆಂಡತಿಯ ಗೆಳತಿ. ಕಟ್ಟಡ ಕೆಡವುವ ಸುದ್ದಿ ಹೇಳಿದವಳೂ ಅವಳೇ. ಬಸ್ಸು ತಡವಾಯಿತು; ಮಾತು ಮುಂದುವರಿಯಿತು. ಅವಳು ಸಹಜವಾಗಿಯೇ ಕೇಳಿದಳು: "ಅಂದ ಹಾಗೆ, ಅವಳು ಬರೆದದ್ದು ಓದಿ ನೀವೇನಂದ್ರಿ? ಎಷ್ಟು ಕೇಳಿದ್ರೂ ನನಗೆ ಹೇಳ್ಲೇ ಇಲ್ಲ."

"ಯಾರು ಬರೆದದ್ದು?"

"ನಿಮ್ಮ ಹೆಂಡ್ತಿ. ಬಟ್ಟೆ ಕೋಣೆ ಗೋಡೆ ಮೇಲೆ."

ಆಮೇಲೆ ಟೆಲಿಫೋನಕ್ಕ ಹೇಳಿದ್ದು ಇಷ್ಟು. ಹನ್ನೊಂದು ವರ್ಷದ ಹಿಂದೆ, ಎಂಟು ತಿಂಗಳು, ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಅವಳು ಇವನ ಹೆಂಡತಿಗೆ ಅಕ್ಷರ ಕಲಿಸಿದ್ದಳು. ಯಾರಿಗೂ ಹೇಳಬಾರದೆಂದು ಹೆಂಡತಿ ಮಾತು ತೆಗೆದುಕೊಂಡಿದ್ದಳಂತೆ. ಒತ್ತಕ್ಷರ ಅಂದರೆ ಅಳು ಬರುತ್ತಿತ್ತಂತೆ. ಪೆನ್ಸಿಲನ್ನು ಉಳಿ ಹಿಡಿದ ಹಾಗೆ ಹಿಡಿದು, ಒತ್ತಿ ಒತ್ತಿ ಮೊನೆ ಮುರಿಯುತ್ತಿದ್ದಳಂತೆ. ಕಡೆಗೊಂದು ದಿನ ಯಾರ ಸಹಾಯವೂ ಇಲ್ಲದೆ ಗಂಡನಿಗೆ ನಾಲ್ಕು ಸಾಲು ಬರೆಯಲು ಹೊರಟಳು. ಕಾಗದದಲ್ಲಿ ಬರಿ ಎಂದು ಅಕ್ಕ ಹೇಳಿದರೆ ಒಪ್ಪಲಿಲ್ಲ. "ಕಾಗದ ಕೊಟ್ರೆ ಜೇಬಲ್ಲಿಟ್ಟು ಮರೀತಾರೆ ಅಕ್ಕಾ. ಗೋಡೆ ಆದ್ರೆ ಅಂಗುಲ ಅಂಗುಲ ನೋಡ್ತಾರೆ. ನಾಳೆ ನಮ್ಮ ಕೋಣೆಗೇ ಬಣ್ಣ ಹೊಡಿಯೋಕೆ ಬರ್ತಾರಲ್ಲ" ಅಂದಿದ್ದಳು. ಬಾಗಿಲ ಹಿಂದೆ, ತನ್ನ ಎದೆಯ ಎತ್ತರಕ್ಕೆ ಬರೆದಳು. ಅಕ್ಕ ನೋಡಲು ಹೋದರೆ ಎರಡು ಕೈಯಿಂದ ಮುಚ್ಚಿಕೊಂಡಳು. ಮೊದಲು ಅವರು ಓದಬೇಕು ಅಂದಳು.

ಬೆಂಕಿಪೊಟ್ಟಣ ಅದನ್ನು ಓದಿರಲಿಲ್ಲ.

ಮನೆಗೆ ಬಂದು ಕುಳಿತ. ಆ ದಿನ ನೆನಪಿಗೆ ಬಂತು. ಹೊಸದಾಗಿ ಗಾರೆ ಮೆತ್ತಿಸಿದ್ದ ಗೋಡೆಗೆ ಪಿಸ್ತಾ ಹಸಿರು ಎಣ್ಣೆ ಬಣ್ಣ, ಒಂದರ ಮೇಲೊಂದು ಎರಡು ಕೈ. ತಪಾಸಣೆಗೆ ಯಾರೋ ದೊಡ್ಡವರು ಬರುತ್ತಾರೆ, ಸಂಜೆಯೊಳಗೆ ಮುಗಿಸು ಎಂದು ಮ್ಯಾನೇಜರು ಹೇಳಿದ್ದ. ಅಷ್ಟೇ ಆಗಿದ್ದರೆ ಮರೆತೇಬಿಡುತ್ತಿದ್ದನೋ ಏನೋ. ಆದರೆ ಅವತ್ತು ಸ್ಟೋರಿನವನು ಉಪ್ಪುಕಾಗದ ಕೊಟ್ಟಿರಲಿಲ್ಲ. ಉಪ್ಪುಕಾಗದದಲ್ಲಿ ಗೋಡೆ ಉಜ್ಜದೆ ಬಣ್ಣ ಹೊಡೆಯುವುದೆಂದರೆ ಮುಖ ತೊಳೆಯದೆ ಪೌಡರು ಬಳಿದ ಹಾಗೆ ಎಂದು ಇವನು. ಹಾಗೇ ಹೊಡಿ, ಯಾರು ನೋಡ್ತಾರೆ ಎಂದು ಸ್ಟೋರಿನವನು. ಜಗಳ ಮೂರು ಅಂತಸ್ತಿಗೆ ಕೇಳಿತ್ತು. ಆ ಜಗಳದ ಒಂದೊಂದು ಬೈಗುಳವೂ ಅವನಿಗೆ ನೆನಪಿತ್ತು. ಅಲ್ಲಿಂದ ಸಿಟ್ಟಿನಲ್ಲಿ ಬಂದವನು ಗೋಡೆಯ ಮೇಲೆ ಏನೋ ಗೀಚಿದ್ದು ಕಂಡರೂ ಓದಲು ಹೋಗಿರಲಿಲ್ಲ, ಅದೂ ನೆನಪಿತ್ತು. ಕೆಲಸದ ಹೆಂಗಸರು ಎಣಿಕೆಗೆ ಗೀಚಿದ್ದು ಎಂದುಕೊಂಡಿದ್ದ.

ಇನ್ನೊಂದೂ ನೆನಪಾಯಿತು. ಅವತ್ತು ಸಂಜೆ ಅವಳು ಕೇಳಿದ್ದಳು, "ಬಟ್ಟೆ ಕೋಣೆ ಮುಗೀತಾ? ಬಾಗಿಲ ಹಿಂದೆನೂ ಆಯ್ತಾ?" ಇವನು, "ಬಾಗಿಲ ಹಿಂದೆ, ಮೂಲೆ, ಸಂದಿ ಎಲ್ಲಾ ಆಯ್ತು. ನನಗೇ ಕೆಲಸ ಹೇಳ್ಕೊಡ್ತೀಯಾ?" ಅಂದಿದ್ದ. ಅವಳು ಸ್ವಲ್ಪ ಹೊತ್ತು ಅವನ ಮುಖವನ್ನೇ ನೋಡಿದ್ದಳು. ಆಮೇಲೆ ಎದ್ದು ಒಳಗೆ ಹೋಗಿ ಪಾತ್ರೆ ತೊಳೆದಳು. ಆ ವಿಷಯ ಮತ್ತೆ ಎತ್ತಲಿಲ್ಲ. ಸಾಯುವವರೆಗೂ ಬ್ಯಾಂಕಿನಲ್ಲಿ ಹೆಬ್ಬೆಟ್ಟೇ ಒತ್ತಿದಳು.

ರಾತ್ರಿಯಿಡೀ ಅವನ ತಲೆಯಲ್ಲಿ ಒಂದೇ ಲೆಕ್ಕಾಚಾರ. ಉಪ್ಪುಕಾಗದ ಇರಲಿಲ್ಲ. ಅಂದ ಮೇಲೆ ಉಜ್ಜಿಲ್ಲ. ಉಜ್ಜದ ಪೆನ್ಸಿಲ್ ಬರಹದ ಮೇಲೆ ಎಣ್ಣೆ ಬಣ್ಣ ಕೂತರೆ, ಬರಹ ಅದರ ಕೆಳಗೆ ಗಾಜಿನ ಕೆಳಗಿನ ಚಿತ್ರದ ಹಾಗೆ ಭದ್ರ. ಮೇಲಿನದನ್ನು ಬಿಡಿಸಲು ಕೈ ಗೊತ್ತಿರಬೇಕು ಅಷ್ಟೇ. ಆ ಕೈ ತನ್ನದು. ಸ್ಟೋರಿನವನ ಜಿಪುಣತನಕ್ಕೆ ಅವನು ಜನ್ಮದಲ್ಲಿ ಮೊದಲ ಸಲ ಒಳ್ಳೆಯ ಮಾತು ಆಡಿದ.

ಶನಿವಾರ ಗೇಟಿನಲ್ಲಿದ್ದವನು ಹಿಂದೆ ಹೋಟೆಲಿನ ಬಾಗಿಲು ಕಾಯುತ್ತಿದ್ದವನೇ, ಎಲ್ಲರ ಪಾಲಿಗೆ ಮೀಸೆ ಮಾಮ. ಹೋಟೆಲು ಮುಚ್ಚಿದ ಮೇಲೂ ಕಟ್ಟಡದ ಕಾವಲಿಗೆ ಅವನನ್ನೇ ಉಳಿಸಿಕೊಂಡಿದ್ದರು. ಮೀಸೆ ಈಗ ಪೂರ್ತಿ ಬೆಳ್ಳಗಾಗಿತ್ತು.

"ಏನೋ, ಬೀಳೋ ಕಟ್ಟಡಕ್ಕೂ ಬಣ್ಣ ಹೊಡಿಯೋಕೆ ಬಂದ್ಯಾ?" ಎಂದ. ವಿಷಯ ಕೇಳಿದ ಮೇಲೆ ತಮಾಷೆ ಮಾಡಲಿಲ್ಲ. ಮೆಟ್ಟಿಲ ಪಕ್ಕದ ಕಂಬಿಯನ್ನೆಲ್ಲ ಕಿತ್ತುಕೊಂಡು ಹೋಗಿದ್ದಾರೆ, ಗೋಡೆ ಹಿಡಿದು ಹತ್ತು ಎಂದು ಹೇಳಿ, ತಾನೂ ಹಿಂದೆ ಬಂದ.

ಒಳಗೆ ಪಾರಿವಾಳದ ಹಿಕ್ಕೆಯ ನಾತ. ಬಂದವರನ್ನು ನಗುತ್ತಾ ಎದುರುಗೊಳ್ಳುತ್ತಿದ್ದ ಮುಂದಿನ ಹಜಾರದಲ್ಲಿ ಕೊಳೆತ ಜಮಖಾನೆ, ಅದರ ಮೇಲೆ ಬೆರಳುದ್ದದ ಹುಲ್ಲು. ನಲ್ಲಿ, ಬೇಸಿನ್ನು, ತಂತಿ, ಕಿಟಕಿಯ ಚೌಕಟ್ಟು, ಮಾರಬಹುದಾದದ್ದು ಯಾವುದೂ ಉಳಿದಿರಲಿಲ್ಲ. ಲಿಫ್ಟಿನ ಬಾಗಿಲು ತೆರೆದೇ ಇತ್ತು, ಒಳಗೆ ಬರೀ ಗುಂಡಿ. ಅಲ್ಲಿ ನಿಂತಾಗ ಕೆಳಗಿನಿಂದ ತಣ್ಣನೆ ಗಾಳಿ ಮುಖಕ್ಕೆ ಬಡಿಯಿತು. ಕೋಣೆಗಳ ಬಾಗಿಲಿನಿಂದ ನಂಬರುಗಳನ್ನೂ ಕಿತ್ತಿದ್ದರು. ನಂಬರಿಲ್ಲದಿದ್ದರೂ ಬೆಂಕಿಪೊಟ್ಟಣಕ್ಕೆ ಒಂದೊಂದು ಕೋಣೆಯೂ ಗೊತ್ತಿತ್ತು: ಇದು ತೇವ ಬರುವ ಕೋಣೆ, ಇದು ಸಿಗರೇಟಿನ ಹೊಗೆಗೆ ಸೂರು ಹಳದಿಯಾಗುತ್ತಿದ್ದ ಕೋಣೆ.

ಎರಡನೇ ಅಂತಸ್ತಿನಲ್ಲಿ ಅವನು ನಿಂತ. ಕಡೆಯ ವರ್ಷಗಳಲ್ಲಿ ಕಂಟ್ರಾಕ್ಟಿನವರು ಹೊಡೆದ ಬಣ್ಣ ಒಣಗಿದ ಎಲೆಯ ಹಾಗೆ ಎದ್ದು ಸುರುಳಿಯಾಗಿತ್ತು. ಅದರ ಪಕ್ಕದಲ್ಲೇ ತಾನು ಹೊಡೆದ ಗೋಡೆ ಕೊಳೆಯಾಗಿತ್ತು ನಿಜ, ಆದರೆ ಒಂದು ಚೂರೂ ಬಿಟ್ಟಿರಲಿಲ್ಲ. ಅಂಗೈಯಿಂದ ಸವರಿದ.

"ನೋಡು ಮಾಮ. ಇದು ಕೆಲಸ. ಅದು ಕಳ್ಳಾಟ. ಉಜ್ಜದೆ ಹೊಡೆದ್ರೆ ಹೀಗೇ ಆಗೋದು."

ಮೀಸೆ ಮಾಮ ಹೂಂಗುಟ್ಟಿದ. ಬೆಂಕಿಪೊಟ್ಟಣ ತನ್ನ ಮಾತು ತನಗೇ ಏನನ್ನು ಹೇಳುತ್ತಿದೆ ಎಂದು ಗಮನಿಸದೆ ಮೆಟ್ಟಿಲು ಹತ್ತಿದ.

ಬಟ್ಟೆ ಕೋಣೆಯ ಗೂಡುಗಳು ಖಾಲಿ. ಬಾಗಿಲು ಮಾತ್ರ ಇತ್ತು, ಕೆಳಗೆ ಗೆದ್ದಲು ತಿಂದಿದ್ದರಿಂದ ಯಾರೂ ಒಯ್ದಿರಲಿಲ್ಲ. ಅದನ್ನು ಎಳೆದು ಮುಚ್ಚಿದ. ಹಿಂದಿನ ಗೋಡೆ ಎದುರಾಯಿತು. ಅವಳ ಎದೆ ಎಷ್ಟು ಎತ್ತರಕ್ಕೆ ಬರುತ್ತಿತ್ತು ಎಂದು ತನ್ನ ಮೈಯ ಮೇಲೆ ಕೈಯಿಟ್ಟು ನೋಡಿಕೊಂಡ. ಕೈ ತಾನಾಗಿಯೇ ಪಕ್ಕೆಲುಬಿನ ಹತ್ತಿರ ನಿಂತಿತು.

ಕಂಟ್ರಾಕ್ಟಿನವರ ಹಳದಿ ಬಣ್ಣ ಉಗುರು ತಾಕಿಸಿದರೆ ಹಾಳೆ ಹಾಳೆಯಾಗಿ ಬಂತು. ಕೆಳಗೆ ತನ್ನ ಹಸಿರು, ಹೊಸದರ ಹಾಗೆ ಹೊಳೆಯುತ್ತಿತ್ತು. ಅದಕ್ಕೆ ದ್ರಾವಣ ಸವರಿ ಕಾದ. ಬಣ್ಣ ಮುದುಡಿ ಗುಳ್ಳೆ ಎದ್ದ ಮೇಲೆ ಕಿರಿದಾದ ಪಟ್ಟಿಯನ್ನು ಮಲಗಿಸಿ ಹಿಡಿದು, ಹಾಲಿನ ಕೆನೆ ತೆಗೆದ ಹಾಗೆ ಒಂದು ಅಂಗುಲ ಎತ್ತಿದ. ಇನ್ನೊಂದು ಅಂಗುಲ. ಮೀಸೆ ಮಾಮ ಟಾರ್ಚು ಹಿಡಿದಿದ್ದ. ಹೀಗೇ ಸುಮಾರು ಒಂದು ಗಂಟೆ ಸಾಗಿತು.

ಹಸಿರಿನ ಕೆಳಗೆ ಬೂದು ಗಾರೆ ಬಂತು. ಗಾರೆಯ ಮೇಲೆ ಪೆನ್ಸಿಲಿನ ಕಪ್ಪು ಇರಲಿಲ್ಲ. ಇದ್ದದ್ದು ಗೀರುಗಳು, ಒಂದರ ಮೇಲೊಂದು ಸುತ್ತಿದ ಸಣ್ಣ ಸಣ್ಣ ಸುಳಿಗಳು. ಎಡಗಡೆಯಿಂದ ಮೇಲಕ್ಕೆ, ಬಲಕ್ಕೆ, ಕೆಳಕ್ಕೆ. ಉಪ್ಪುಕಾಗದವನ್ನು ಹಾಗೆ ಸುತ್ತಿ ಉಜ್ಜುತ್ತಿದ್ದವನು ಆ ಹೋಟೆಲಿನಲ್ಲಿ ಒಬ್ಬನೇ, ತಾನು.

ಆಗ ಅವನಿಗೆ ಮಿಕ್ಕದ್ದು ನೆನಪಾಯಿತು. ಜಗಳವಾದ ಮೇಲೆ ತಾನು ಸುಮ್ಮನಿರಲಿಲ್ಲ. ನಿನ್ನ ಉಪ್ಪುಕಾಗದ ಯಾರಿಗೆ ಬೇಕು ಎಂದು ಸ್ಟೋರಿನವನ ಮುಖದ ಮೇಲೆ ಹೇಳಿ, ಬಿಸಿಲಲ್ಲಿ ಮೂಲೆಯ ಅಂಗಡಿಗೆ ನಡೆದು, ಸ್ವಂತ ಕಾಸು ಕೊಟ್ಟು ನಾಲ್ಕು ಹಾಳೆ ತಂದಿದ್ದ. ಜಗಳ ಮಾತ್ರ ಮನಸ್ಸಿನಲ್ಲಿ ಉಳಿದಿತ್ತು. ಅದರಲ್ಲಿ ತಾನು ಗೆದ್ದದ್ದು ಮರೆತುಹೋಗಿತ್ತು. ಆ ಸಿಟ್ಟಿನಲ್ಲಿ ಮಾಮೂಲಿಗಿಂತ ಹೆಚ್ಚಾಗೇ ಉಜ್ಜಿರಬೇಕು. ನಾಲ್ಕೂ ಹಾಳೆ ಸವೆದಿದ್ದವು.

ಆದರೂ ನಿಲ್ಲಿಸಲಿಲ್ಲ. ಎಡ ಅಂಚಿನ ಕಡೆಗೆ ಸರಿದ, ಇನ್ನೆರಡು ಅಂಗುಲ ಎತ್ತಿದ. ಅಲ್ಲಿ ಗಾರೆಯೊಳಗೆ ಹಸಿರು ಗೆರೆಯೊಂದು ಕಂಡಿತು. ಅದು ಚಿಂದಿಗೆ ಹೋಗಲಿಲ್ಲ. ಬಾಗಿ ನೋಡಿದ. ಪೆನ್ಸಿಲು ಒತ್ತಿದ ಕಡೆ ಗಾರೆ ಕೊರೆದು ತೋಡಾಗಿತ್ತು, ಆ ತೋಡಿನೊಳಗೆ ಇವನ ಬಣ್ಣ ಹೋಗಿ ಕೂತಿತ್ತು. ಬರೆಯಲು ಶುರು ಮಾಡಿದಾಗ ಕೈ ಬಿಗಿಯಾಗಿತ್ತೋ ಏನೋ, ಮೊದಲ ಅಕ್ಷರವನ್ನು ಎಲ್ಲಕ್ಕಿಂತ ಆಳವಾಗಿ ಒತ್ತಿದ್ದಳು. ಮುಂದಿನವು ಹಗುರ, ಉಪ್ಪುಕಾಗದಕ್ಕೆ ಸಿಕ್ಕಿ ಹೋಗಿದ್ದವು. ಟಾರ್ಚನ್ನು ತಾನೇ ತೆಗೆದುಕೊಂಡು ಹತ್ತಿರ ಹಿಡಿದ.

ರೀ.

ಕರೆದ ದನಿಯೇ ಕಿವಿಗೆ ಬಿದ್ದಂತಾಯಿತು. ಮನೆಯ ಒಳಗಿನಿಂದ, ಮೆಟ್ಟಿಲ ಕೆಳಗಿನಿಂದ, ಸಂತೆಯ ಗದ್ದಲದ ನಡುವಿನಿಂದ, ಇಪ್ಪತ್ತೇಳು ವರ್ಷದ ಸಂಸಾರದಲ್ಲಿ ಅವಳು ಕರೆದದ್ದು ಹೀಗೇ. ಅದಾದ ಮೇಲೆ ಬಲಕ್ಕೆ ಅರ್ಧ ಮೊಳ ಸುಳಿ ಗೀರು. ಅದರ ಕೆಳಗೆ ಮೂರು ಸಾಲಿನ ಜಾಗದಲ್ಲೂ ಅದೇ. ಒಂದು ಕಡೆ ಬಾಲದಂಥದ್ದು, ಇನ್ನೊಂದು ಕಡೆ ಸೊನ್ನೆಯಂಥದ್ದು. ಕೂಡಿಸಿ ಓದಲು ನೋಡಿದ. ಬೆರಳಿಟ್ಟು ನೋಡಿದ, ಕಣ್ಣು ಮುಚ್ಚಿ ಸವರಿ ನೋಡಿದ. ಗೋಡೆ ನಯವಾಗಿತ್ತು.

"ಸಿಕ್ತೇನಪ್ಪಾ?" ಮೀಸೆ ಮಾಮ ಮೆಲ್ಲಗೆ ಕೇಳಿದ. "ಏನು ಬರೆದಿದ್ದಾಳೆ?"

"ನನ್ನ ಕರೆದಿದ್ದಾಳೆ."

"ಯಾಕಂತೆ?"

"ಅದನ್ನ ನಾನೇ ಉಜ್ಜಿಹಾಕಿದ್ದೀನಿ ಮಾಮ."

ಆ ಭಾಗವನ್ನಷ್ಟೇ ಗಾರೆ ಸಮೇತ ಬಿಡಿಸಿಕೊಂಡು ಹೋಗು, ಕೆಳಗೆ ಉಳಿ ಇದೆ ತರ್ತೀನಿ ಎಂದು ಮಾಮ ಹೇಳಿದ. ಬೆಂಕಿಪೊಟ್ಟಣ ಬೇಡವೆಂದು ತಲೆಯಾಡಿಸಿದ. ಆರು ಮಳೆಗಾಲ ನೀರು ಕುಡಿದ ಗಾರೆ, ಉಳಿ ಇಟ್ಟರೆ ಪುಡಿಯಾಗಿ ಉದುರುತ್ತದೆ ಎಂದು ಅವನಿಗೆ ಗೊತ್ತಿತ್ತು. ಇದ್ದ ಒಂದು ಮಾತನ್ನೂ ಕೈಯಾರೆ ಕಳೆಯಲಾರ.

ಮಾಮ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕುಳಿತ. ಒಳಗೆ ಬೆಂಕಿಪೊಟ್ಟಣ ಮಂಡಿಯೂರಿ, ಹಣೆಯನ್ನು ಗೋಡೆಗೆ ಒರಗಿಸಿದ. ದ್ರಾವಣದ ಹಸಿ ಇನ್ನೂ ಇತ್ತು, ಹಣೆ ಉರಿಯಿತು, ತೆಗೆಯಲಿಲ್ಲ. ಅವಳು ರೀ ಎಂದಾಗಲೆಲ್ಲ ತಾನು ಏನೆಂದು ಓಗೊಡುತ್ತಿದ್ದೆ ಎಂದು ಯೋಚಿಸಿದ. "ಏನೇ ನಿಂದು ಗೋಳು" ಎಂಬುದೊಂದೇ ನೆನಪಿಗೆ ಬಂತು.

"ಹೇಳೇ," ಎಂದ, ಗೋಡೆಗೆ ಬಾಯಿಟ್ಟು. "ಹೇಳು, ಕೇಳ್ತಿದ್ದೀನಿ."

ಮೂರು ಗಂಟೆಗೆ ಯಂತ್ರದವರ ಕಡೆಯವರು ಅಳತೆ ತೆಗೆಯಲು ಬಂದರು. ಎರಡು ಸಲ ಕೂಗಿ, ಮೂರನೇ ಸಲ ಮೀಸೆ ಮಾಮ ಒಳಗೆ ಬಂದು ಅವನ ಭುಜ ಹಿಡಿದು ಎಬ್ಬಿಸಬೇಕಾಯಿತು.